ಹುಡುಗನ ಕೆನ್ನೆಯ ಕೆಂಪು

2014ರಲ್ಲಿ ನಾನು ಸಿಯಾಟಲ್‌ನ ಒಂದು ಖಾಸಗಿ ಸ್ಟುಡಿಯೋದಲ್ಲಿ ಪೇಂಟಿಂಗ್ ಕನ್ಸರ್ವೇಟರ್ ಆಗಿದ್ದೆ. ಹಳೆಯ ತೈಲಚಿತ್ರಗಳ ಕೊಳೆ ತೆಗೆಯುವುದು, ಹರಿದ ಕ್ಯಾನ್ವಾಸ್ ಕೂಡಿಸುವುದು, ಏಳುತ್ತಿರುವ ಬಣ್ಣವನ್ನು ಉದುರದಂತೆ ಅಂಟಿಸುವುದು ನನ್ನ ಕೆಲಸ.

ಏಪ್ರಿಲ್‌ನಲ್ಲಿ ಪಕ್ಕದ ರೆಂಟನ್ ಊರಿನಿಂದ ಮಹಾಂತೇಶ್ ಎಂಬುವವರು ಒಂದು ಚಿತ್ರ ತಂದರು. ಗದಗದ ಕಡೆಯವರು, ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್. ಚಿತ್ರ ಹದಿನೆಂಟನೇ ಶತಮಾನದ ಇಂಗ್ಲೆಂಡಿನದು, ಬರೆದವರು ಯಾರೋ ತಿಳಿಯದು. ಕುರ್ಚಿಯಲ್ಲಿ ಕೂತ ತಂದೆ, ಪಕ್ಕದಲ್ಲಿ ಹನ್ನೆರಡರ ಆಸುಪಾಸಿನ ಮಗ, ಮಗನ ಹೆಗಲ ಮೇಲೆ ತಂದೆಯ ಕೈ. ಆಗಿನ ಜಮೀನ್ದಾರರು ಹೀಗೆ ಮಗನ ಜೊತೆ ಬರೆಸಿಕೊಳ್ಳುತ್ತಿದ್ದರು. ತಮ್ಮ ನಂತರ ಎಲ್ಲವೂ ಯಾರದು ಎಂಬುದು ನೋಡಿದವರಿಗೆ ತಿಳಿಯಬೇಕಿತ್ತು.

"ನನ್ನ ಮಗ ಆರಿಸಿದ್ದ್ರೀ ಇದು. ಕಾಲೇಜಿನ್ಯಾಗ ಇಂಥಾವ ಚಿತ್ರಗಳ ಮ್ಯಾಲೇ ಪೇಪರ್ ಬರೀತಿದ್ದ. ಮರ್ಸರ್ ಐಲ್ಯಾಂಡ್‌ನ್ಯಾಗ ಸತ್ತವ್ರ ಮನಿ ಸಾಮಾನು ಮಾರೋ ಒಂದು ಎಸ್ಟೇಟ್ ಸೇಲ್‌ಗೆ ನನ್ನ ಎಳಕೊಂಡು ಹೋಗಿದ್ದ," ಎಂದರು. ಬರೀತಾನೆ ಅನ್ನದೆ ಬರೀತಿದ್ದ ಅಂದದ್ದು ನನ್ನ ಗಮನಕ್ಕೆ ಬರಲಿಲ್ಲ.

ಮೇಲಿನ ವಾರ್ನಿಶ್ ಹಳದಿಗಟ್ಟಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಅದನ್ನು ತೆಗೆಯುತ್ತ ಹೋದಂತೆ ತಂದೆಯ ಮುಖ ಕೆಂಪಗೆ ತುಂಬಿಕೊಂಡಿತು. ಹುಡುಗನ ಮುಖ ಮಾತ್ರ ಸುಣ್ಣದಂತೆ ಬಿಳುಚಿಕೊಂಡಿತು. ಕಲಾವಿದ ತಂದೆಗೆ ಖನಿಜದ ಕೆಂಪು ಹಚ್ಚಿದ್ದ, ಅದು ಉಳಿದಿತ್ತು. ಹುಡುಗನ ನವಿರಾದ ಕೆನ್ನೆಗೆ ಕೀಟದಿಂದ ತೆಗೆದ ಕೆಂಪು ಹಚ್ಚಿದ್ದ. ಬೆಳಕಿಗೆ ಅದು ವರ್ಷವರ್ಷವೂ ಮಾಸಿ ಹೋಗಿತ್ತು. ವಾರ್ನಿಶ್‌ನ ಹಳದಿ ಇಷ್ಟು ಕಾಲ ಅದನ್ನು ಮುಚ್ಚಿಟ್ಟಿತ್ತು.

ಚಿತ್ರ ಒಯ್ಯಲು ಬಂದ ಮಹಾಂತೇಶ್ ಅದರ ಮುಂದೆ ಸ್ಟೂಲ್ ಎಳೆದು ಕೂತು, ಹುಡುಗನ ಮುಖಕ್ಕೆ ಬೆರಳು ತೋರಿಸಿದರು.

"ಏನ್ ಮಾಡಿಬಿಟ್ರಿ ಮೇಡಂ? ಹಿಂಗ ಇರಲಿಲ್ಲಲ್ರೀ ಇವ!"

ಆಗ ಹೇಳಿದರು. ಮಗ ನಿಖಿಲ್‌ಗೆ ರಕ್ತದ ಕ್ಯಾನ್ಸರ್ ಆಗಿತ್ತು. ಹಿಂದಿನ ನವೆಂಬರ್‌ನಲ್ಲಿ ತೀರಿಕೊಂಡಿದ್ದ. ಹತ್ತೊಂಬತ್ತು ವರ್ಷ.

"ಸ್ವಲ್ಪ ಕೆಂಪ ಹಚ್ಚಿ ಕೊಡ್ರಿ."

ಬಣ್ಣ ಉದುರಿದ ಜಾಗವನ್ನಷ್ಟೇ ನಾವು ತುಂಬಬಹುದು, ಕಲಾವಿದನ ಬಣ್ಣದ ಮೇಲೆ ನಮ್ಮದು ಹಚ್ಚುವಂತಿಲ್ಲ ಎಂದೆ. ಅವರು ಚಿತ್ರ ಎತ್ತಿಕೊಂಡು ಹೋದರು.

ಆಗಸ್ಟ್‌ನಲ್ಲಿ ಚಿತ್ರ ಹೊತ್ತು ಮತ್ತೆ ಬಂದರು. ಅಂಗಡಿಯಿಂದ ಬಣ್ಣ ತಂದು ಹುಡುಗನ ಮುಖಕ್ಕೆ ತಾವೇ ಹಚ್ಚಿದ್ದರು. ಅದನ್ನು ನೋಡಿ ಹೆಂಡತಿ ಗಿರಿಜಾ "ಯಾರಿವ?" ಎಂದು ಕೇಳಿ ರೂಮಿನ ಬಾಗಿಲು ಹಾಕಿಕೊಂಡಿದ್ದರಂತೆ. ಆ ಬಣ್ಣ ತೆಗೆದುಕೊಡಿ ಎಂದರು.

ಬಣ್ಣ ಹೊಸದು, ಕೆಲಸ ಮುಗಿಸುವಾಗ ನಾನು ಬಳಿದಿದ್ದ ಹೊಸ ವಾರ್ನಿಶ್‌ನ ಮೇಲೆ ಕೂತಿತ್ತು. ಹಾಗಾಗಿ ತೆಗೆಯಬಹುದಿತ್ತು. ಪಕ್ಕದಲ್ಲೇ ಕೂರುತ್ತೇನೆಂದು ಹಟ ಹಿಡಿದರು. ದ್ರಾವಣದಲ್ಲಿ ಅದ್ದಿದ ಹತ್ತಿಗೆ ಕೆಂಪು ಹತ್ತುತ್ತ ಒಂದು ಕೆನ್ನೆ ಪೂರ್ತಿ ಬೆಳ್ಳಗಾದಾಗ ಮೆಲ್ಲಗೆ ಮಾತಾಡಿದರು.

"ಕಡೀ ವಾರ ನಾ ಒಳಗ ಹೋಗ್ಲೇ ಇಲ್ರೀ. ದವಾಖಾನಿ ಪಾರ್ಕಿಂಗ್ ಲಾಟ್‌ನ್ಯಾಗ, ಕಾರಿನ್ಯಾಗ ಕುಂತಿರ್ತಿದ್ದೆ. ಅಕಿ ಒಬ್ಬಾಕಿನ ಇದ್ಲು ಅವನ ಹತ್ರ. ಹಿಂಗ ಆಗಿದ್ದನಂತ, ಇಷ್ಟು ಬೆಳ್ಳಗ."

"ನಿಲ್ಲಿಸಲಾ ಸಾರ್?" ಎಂದೆ.

"ಬ್ಯಾಡ್ರೀ. ತಗೀರಿ. ನೋಡ್ತೇನಿ."

ಇನ್ನೊಂದು ಕೆನ್ನೆಯನ್ನೂ ತೆಗೆದೆ. ಅವರು ಕಣ್ಣು ಕೀಳದೆ ನೋಡಿದರು.

ಮರುವರ್ಷ ಚಿತ್ರದ ಸ್ಥಿತಿ ವಿಚಾರಿಸಲು ಫೋನ್ ಮಾಡಿದಾಗ ಗಿರಿಜಾ ಎತ್ತಿಕೊಂಡರು. "ಚಿತ್ರ ಚಲೋ ಐತ್ರೀ. ಇವ್ರು ಫ್ಯಾಕ್ಟರಿಯಿಂದ ಬಂದ ಕೂಡ್ಲೇ ಅದರ ಮುಂದ ಕುಂದರ್ತಾರ. ನನ್ನ ಜೋಡಿ ಮಾತಿಲ್ಲ," ಎಂದು ಫೋನ್ ಇಟ್ಟರು.

ವಾರ್ನಿಶ್ ತೆಗೆಯುವುದನ್ನು ನನಗೆ ಕಾಲೇಜು ಕಲಿಸಿತ್ತು, ಉಳಿದದ್ದನ್ನು ಈ ಕೇಸು ಕಲಿಸಿತು. ಈಗ ಯಾವುದೇ ಭಾವಚಿತ್ರದ ಮುಖ ಮುಟ್ಟುವ ಮುನ್ನ, ಮನೆಯಲ್ಲಿ ಇದನ್ನು ದಿನಾ ನೋಡುವವರು ಯಾರು ಎಂದು ಕೇಳುತ್ತೇನೆ. ತಂದವರು ಉತ್ತರಿಸಲು ತಡವರಿಸಿದರೆ, ಆ ದಿನ ಹತ್ತಿ ಕೈಗೆತ್ತಿಕೊಳ್ಳುವುದಿಲ್ಲ.