ಒಂದೇ ಕಡೆ ಸುತ್ತುವ ಚೌಕಾಬಾರ

ತೊಂಬತ್ತರ ದಶಕದ ಕೊನೆಯಲ್ಲಿ ನಾನೂ ಲಿಂಗಸುಗೂರಿನ ನನ್ನ ಸೋದರಮಾವನ ಮಗನೂ ಸಿಂಧನೂರಿನಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆವು. ಮೌಸ್ ಹಿಡಿಯಲು ಅಂಜುತ್ತಿದ್ದ ಹುಡುಗಿಯರಿಗಾಗಿ ಚೌಕಾಬಾರವನ್ನು ಕಂಪ್ಯೂಟರಿಗೆ ತರೋಣವೆಂದುಕೊಂಡೆವು. ನಾನು ಬೇಸಿಕ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಮೊದಲಿನಿಂದ ಎಲ್ಲವನ್ನೂ ಬರೆಯುತ್ತ ಕುಳಿತೆ. ತಿಂಗಳಾದರೂ ತೆರೆಯ ಮೇಲೆ ಬರಿಯ ಮನೆಗಳ ಚೌಕವಿತ್ತು. ಅವನು ಹೈದರಾಬಾದಿನಿಂದ ಆಟ ಕಟ್ಟುವ ಸಿದ್ಧ ಪ್ರೋಗ್ರಾಂ ಒಂದರ ಸಿ.ಡಿ. ತಂದ, ಈಗ ಅದಕ್ಕೆ ಗೇಮ್ ಎಂಜಿನ್ ಅನ್ನುತ್ತಾರೆ. ಎರಡೇ ದಿನದಲ್ಲಿ ಅವನ ಕವಡೆ ಉರುಳಿದವು, ಕಾಯಿ ನಡೆದವು. ನನಗೆ ಹೊಟ್ಟೆ ಉರಿಯಿತು.

ತೊಡಕು ಒಂದೇ. ಚೌಕಾಬಾರದಲ್ಲಿ ಕಾಯಿ ಹೊರಸುತ್ತು ಮುಗಿಸಿ ಒಳಗೆ ಬಂದ ಮೇಲೆ ದಿಕ್ಕು ಬದಲಿಸಿ ನಡೆಯಬೇಕು. ಆ ಪ್ರೋಗ್ರಾಂ ಮಾಡಿದವರು ಎಲ್ಲಿಯವರೋ, ಚೌಕಾಬಾರ ಕಂಡವರಲ್ಲ. ಅದರಲ್ಲಿ ಕಾಯಿಗೆ ಒಂದೇ ದಿಕ್ಕು.

"ಒಂದ ಕಡೆ ಸುತ್ತಲಿ ಬಿಡು. ನಿಂದು ಮುಗಿಯೂ ತನಕ ಯಾರು ಕಾಯ್ತಾರ?" ಅಂದ. ಅವನ ಆಟವನ್ನೇ ಎಲ್ಲ ಕಂಪ್ಯೂಟರಿಗೂ ಹಾಕಿದೆವು.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಹುಡುಗಿಯರು ಹೊರಗಿನ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಹುಣಸೆಬೀಜ ಹಾಕಿ ಆಡತೊಡಗಿದರು. ನೋಡಿದರೆ ಒಳಗೆ ಬಂದ ಕಾಯಿಯೂ ಅದೇ ದಿಕ್ಕಿಗೆ ನಡೆದಿತ್ತು.

"ಒಳಗ ಬಂದ ಮ್ಯಾಲೆ ಹೊಳ್ಳಬೇಕಲ್ಲ?" ಎಂದು ಕೇಳಿದೆ.

ಒಬ್ಬಳು ಕಾಯಿ ನಡೆಸುತ್ತಲೇ ಹೇಳಿದಳು: "ನಮ್ಮವ್ವನೂ ಹಂಗ ತಪ್ಪ ಆಡ್ತಿದ್ಲು ರೀ ಮೇಡಂ. ಕಂಪ್ಯೂಟರ್ ನೋಡಿ ನಾನ ತಿದ್ದೀನಿ."