ಜರಡಿ ಹಿಡಿದ ಮಣ್ಣು

ಕಲ್ಕತ್ತೆಯ ಮೆಸ್ಸಿನಲ್ಲಿ ಮೊದಲ ದಿನ ನನ್ನ ಬೇಳೆಯೊಳಗಿಂದ ಮೀನಿನ ತಲೆಯೊಂದು ನೋಡುತ್ತಿತ್ತು. ನಮ್ಮಲ್ಲಿ ಬೇಳೆಗೆ ಪುಂಡಿಪಲ್ಯ ಬಿದ್ದರೆ ಅದೇ ವಿಶೇಷ. ಇಲ್ಲಿ ಅಡುಗೆಯವನನ್ನು ಠಾಕೂರ್ ಎನ್ನುತ್ತಾರೆ; ದೇವರಿಗೂ ಅದೇ ಮಾತು. ಆ ಠಾಕೂರನೊಡನೆ ತಿಂಗಳು ವಾದಿಸಿ ಬೇರೆ ಬೇಳೆ ಪಡೆದೆ. ಬಳ್ಳಾರಿ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಢಾಲು ಗೆದ್ದವನಿಗೆ ಈ ಊರು ಕೊಟ್ಟ ಗೆಲುವು ಅದೊಂದೇ. ಸಂತೋಷವೇನೂ ಆಗಲಿಲ್ಲ. ಉಂಡೆ, ಮಲಗಿದೆ.

ನನ್ನ ಕೆಲಸವೇನೆಂದು ಕೇಳುತ್ತೀರಿ. ಒದ್ದೆ ಮಣ್ಣನ್ನು ದೊಡ್ಡ ಅಯಸ್ಕಾಂತದ ನಡುವೆ ಇಟ್ಟು, ರೇಡಿಯೋ ಅಲೆಯಿಂದ ಅದರೊಳಗಿನ ನೀರನ್ನು ಒಮ್ಮೆ ಕದಲಿಸುತ್ತೇವೆ. ಸಣ್ಣ ಸಂದಿನ ನೀರು ಬೇಗ ಮೊದಲಿನ ಸ್ಥಿತಿಗೆ ಮರಳುತ್ತದೆ, ಬಿರುಕಿನ ನೀರು ನಿಧಾನ. ಹೀಗೆ ಮಣ್ಣನ್ನು ಒಡೆಯದೆಯೇ ಅದರ ಒಳಗು ತಿಳಿಯುತ್ತದೆ. ನಮ್ಮೂರು ಸಿರಿಗೇರಿಯ ಎರೆ ಹೊಲದಲ್ಲಿ ಈ ಎರಡೂ ಬಗೆಯ ನೀರಿದೆ, ಸಂದಿನಿಂದ ಬಿರುಕಿಗೆ ಅದು ಸುಲಭವಾಗಿ ಸರಿಯುವುದಿಲ್ಲ ಎಂಬುದು ನನ್ನ ವಾದ. ಪ್ರೊಫೆಸರು ಒಪ್ಪಲಿಲ್ಲ. ಯಂತ್ರವನ್ನು ಒಂದು ದಿನ ಕೊಟ್ಟರು. ತೋರಿಸಿದರೆ ಅದೇ ನನ್ನ ಪ್ರಬಂಧದ ವಿಷಯ, ಇಲ್ಲವಾದರೆ ಕೈಬಿಡಬೇಕು.

ಹೊಲದಿಂದ ಮಾದರಿ ಕಳಿಸಿರೆಂದು ಊರಿಗೆ ಪತ್ರ ಹಾಕಿದೆ. ಒಡೆಯದ ಗಟ್ಟಿ ಮಣ್ಣುಂಡೆ, ಹೆಂಟೆ, ಎಂದು ಬರೆಯಬೇಕಿತ್ತು. ಮಣ್ಣು ಎಂದು ಬರೆದೆ.

ಅಣ್ಣ ಸಿರುಗುಪ್ಪ, ಬಳ್ಳಾರಿ, ಮದರಾಸು ದಾಟಿ, ಡಬ್ಬಿ ಹಿಡಿದು ಸೀದಾ ಪ್ರಯೋಗಾಲಯಕ್ಕೇ ಬಂದ, ಯಂತ್ರ ನನಗೆ ಸಿಕ್ಕಿದ್ದ ಆ ಒಂದು ದಿನವೇ. ಮುಚ್ಚಳ ತೆಗೆದರೆ ಮಣ್ಣು ಜೋಳದ ಹಿಟ್ಟಿನಷ್ಟು ನುಣ್ಣಗಿತ್ತು.

"ಇದೇನಣ್ಣ, ಹಿಂಗ?"

"ಅವ್ವ ಕುಟ್ಟಿ ಮೂರು ಸಲ ಜಲ್ಡಿ ಹಿಡದಾಳ ಲೇ. ಮಂದಿ ಮನಿಗೆ ಹೆಂಟಿ ಕಳಸ್ತಾರೇನು? ಜ್ವಾಳಾನ ಹಸನ ಮಾಡದ ಕಳಸಂಗಿಲ್ಲ ನಾವು."

ನೀರು ಕೂಡಿಸಿ ಇಟ್ಟೆ. ಎರಡು ಬಗೆಯ ನೀರಿದ್ದರೆ ಗೆರೆ ಮೊದಲು ಬೇಗ, ಆಮೇಲೆ ನಿಧಾನ ಇಳಿಯಬೇಕಿತ್ತು. ಪರದೆಯ ಮೇಲೆ ಹಸಿರು ಗೆರೆ ಒಂದೇ ವೇಗದಲ್ಲಿ ಇಳಿದು ಮುಗಿಯಿತು.

"ಈಗೇನು ಹೇಳ್ತೀಯ?" ಎಂದು ಪ್ರೊಫೆಸರು ಇಂಗ್ಲಿಷಿನಲ್ಲಿ ಕೇಳಿದರು.

ಕುಟ್ಟಿದ ಮಣ್ಣಿನಲ್ಲಿ ಬಿರುಕೆಲ್ಲಿ ಉಳಿದೀತು ಎನ್ನಬಹುದಿತ್ತು. ಆಗ ಕುಟ್ಟಿದವರು ಯಾರು ಎಂದು ಅವರು ಕೇಳುತ್ತಿದ್ದರು. ಅಣ್ಣ ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮಿಬ್ಬರ ಮುಖ ನೋಡುತ್ತಿದ್ದ.

"ಏನೂ ಇಲ್ಲ, ಸರ್."

ಅವರು ಹೋದರು. "ಏನಂದ್ರು ಸಾಹೇಬ್ರು?" ಎಂದ ಅಣ್ಣ.

"ಮಣ್ಣು ಎಲ್ಲಾ ಕಡಿಗೂ ಒಂದ ಥರ ಐತಿ ಅಂದ್ರು."

"ಮತ್ತ! ಅವ್ವನ ಕೈ ಅಂದ್ರ ಸುಮ್ನ ಏನು?"

ಮರುದಿನ ಅವನನ್ನು ಹೌರಾದಲ್ಲಿ ರೈಲು ಹತ್ತಿಸಿ ಬಂದು ವರದಿ ಬರೆದೆ: ಸಿರಿಗೇರಿಯ ಎರೆಮಣ್ಣಿನಲ್ಲಿ ನೀರು ಒಂದೇ ಬಗೆಯದು. ಸುಳ್ಳೆಂದು ಗೊತ್ತಿತ್ತು. ಇಲ್ಲಿ ನನ್ನನ್ನು ಸ್ವಂತ ಹೆಸರಿನಿಂದ ಯಾರೂ ಕರೆಯುವುದಿಲ್ಲ, ಅಡ್ಡಹೆಸರಾದ ಊರಿನ ಹೆಸರಿನಿಂದಲೇ ಕರೆಯುತ್ತಾರೆ. ಆ ಸಾಲಿನ ಕೆಳಗೆ ಅದನ್ನೇ ಸಹಿ ಮಾಡಿದೆ: ಸಿರಿಗೇರಿ.