ಬರೀ ನೀರಲ್ಲೇ ಡಾಕ್ಟ್ರೇ

ಗಾಳಿಬೀಡಿನ ನಮ್ಮ ಪಕ್ಕದ ಮನೆಯ ಅಕ್ಕ ಥೈರಾಯ್ಡ್ ಮಾತ್ರೆಯನ್ನು, ತಾವೇ ಹುರಿದು ಪುಡಿ ಮಾಡಿದ ಕಾಫಿಯ ಜೊತೆ ನುಂಗುತ್ತಿದ್ದರು. ಕಾಫಿ ಅದನ್ನು ಕರುಳಿನಲ್ಲೇ ತಡೆಯುತ್ತದೆ, ಪೂರ್ತಿ ರಕ್ತಕ್ಕೆ ಸೇರಲು ಬಿಡುವುದಿಲ್ಲ. ಡಾಕ್ಟರು ಕೇಳಿದರೆ ಮಾತ್ರ ಸೆರಗು ಎಳೆದುಕೊಂಡು, “ಬರೀ ನೀರಲ್ಲೇ ಡಾಕ್ಟ್ರೇ” ಅನ್ನುತ್ತಿದ್ದರು. ರಕ್ತಪರೀಕ್ಷೆಯ ಫಲಿತಾಂಶ ಸುಧಾರಿಸಲಿಲ್ಲ, ಮಾತ್ರೆಯ ಪ್ರಮಾಣ ಏರುತ್ತಲೇ ಹೋಯಿತು.

ಕಾಲು ಮುರಿದು ಆಸ್ಪತ್ರೆ ಸೇರಿದಾಗ ನರ್ಸು ದಿನಾ ಬೆಳಿಗ್ಗೆ ಎದುರಿಗೇ ನಿಂತು ಆ ಏರಿಸಿದ ಮಾತ್ರೆಯನ್ನು ನೀರಿನಲ್ಲಿ ನುಂಗಿಸಿದಳು. ಕೆಲವು ವಾರಗಳಲ್ಲೇ ಅಕ್ಕನ ಕೈ ನಡುಗತೊಡಗಿತು, ಎದೆ ಡವಡವ ಹೊಡೆದುಕೊಂಡಿತು.

ಡಾಕ್ಟರು ಹೊಸ ರಿಪೋರ್ಟು ನೋಡಿ ತಲೆ ತಗ್ಗಿಸಿದರು.

“ತಪ್ಪು ನಂದೇ ಅಮ್ಮ. ಮಾತ್ರೆ ಜಾಸ್ತಿ ಬರೆದ್ಬಿಟ್ಟೆ.”

“ಬರೀ ನೀರಲ್ಲೇ…” ಎಂದು ಶುರು ಮಾಡಿದ ಅಕ್ಕ, ಅರ್ಧಕ್ಕೇ ನಿಲ್ಲಿಸಿ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡರು.

ಅಕ್ಕ ಆ ದಿನ ನನ್ನನ್ನು ಕಾಡಿ ಮನೆಯಿಂದ ತರಿಸಿಕೊಂಡಿದ್ದ ಕಾಫಿಯ ಫ್ಲಾಸ್ಕನ್ನು ನಾನು ಕಾಲಿನಿಂದ ಮೆಲ್ಲಗೆ ಮಂಚದ ಕೆಳಗೆ ತಳ್ಳಿದೆ.